ನಲವತ್ತಕ್ಕೆ ಹುಟ್ಟು ಹಿಡಿದೆ

ನನಗೆ ಈಜು ಬರುತ್ತಿರಲಿಲ್ಲ. ಹಿತ್ತಲ ಬಾಗಿಲು ತೆಗೆದರೆ ನೀರು. ಸಾಗರದ ಪೇಟೆಗೆ ಹೋಗಬೇಕೆಂದರೆ ನೀರು ದಾಟಬೇಕು. ಆದರೂ ನಲವತ್ತು ವರ್ಷದವರೆಗೆ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವಳಲ್ಲ. ನಮ್ಮ ಕಡೆಯ ಹೆಂಗಸರಲ್ಲಿ ಇದು ವಿಶೇಷವೇನೂ ಅಲ್ಲ. ನೀರಿರುವುದು ಬಟ್ಟೆ ಒಗೆಯಲಿಕ್ಕೆ, ದನದ ಮೈ ತೊಳೆಯಲಿಕ್ಕೆ, ಲಾಂಚು ತೇಲಲಿಕ್ಕೆ. ಸುಮ್ನೆ ಆಡಲಿಕ್ಕೆ ಅಂತ ನೀರಿಗೆ ಇಳಿಯುವ ದೊಡ್ಡವರನ್ನು ನಾವು ನೋಡಿದ್ದೇ ಪ್ರವಾಸಿಗರು ಬರಲು ಶುರುವಾದ ಮೇಲೆ.

ನಮ್ಮದು ಸಾಗರ ತಾಲೂಕಿನ ಕರೂರು ಹೋಬಳಿ. ತುಮರಿಯಿಂದ ಸ್ವಲ್ಪ ಒಳಗೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಹೊಳೆ ಹೋಗಿ ಹಿನ್ನೀರು ಬಂತು. ಅದಕ್ಕೂ ಮೊದಲು, 1948ರಲ್ಲಿ, ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಲಿಂಗನಮಕ್ಕಿಯ ನೀರು ಏರಿದಾಗ ಆ ಅಣೆಕಟ್ಟೇ ಮುಳುಗಿತು. ಎರಡೆರಡು ಸಲ ಮನೆ ಬಿಟ್ಟು ಎದ್ದವರು ನಮ್ಮ ಕಡೆ ಇದ್ದಾರೆ. ಗುಡ್ಡದ ಮೇಲೆ ಇದ್ದವರು ಮಾತ್ರ ಇದ್ದಲ್ಲೇ ಉಳಿದರು. ಆಚೆ ದಡದವರ ಬಾಯಲ್ಲಿ ನಾವು 'ದ್ವೀಪದವರು' ಆದೆವು.

ನನ್ನ ಅತ್ತೆಯ ತವರು ಹೀಗೆ ಮುಳುಗಿದ ಊರು. ಅವರಿಗೆ ಆಗ ಹನ್ನೆರಡೋ ಹದಿಮೂರೋ ವರ್ಷ. ತವರಿನವರು ಸಾಮಾನು ಕಟ್ಟಿಕೊಂಡು ಬೇರೆ ಕಡೆ ಹೋದರು. ಅತ್ತೆ ಮದುವೆಯಾಗಿ ಮತ್ತೆ ಇದೇ ಗುಡ್ಡಕ್ಕೆ ಬಂದರು. ಅಂದರೆ ಐವತ್ತು ವರ್ಷಕ್ಕೂ ಜಾಸ್ತಿ ಕಾಲ ದಿನಾ ಬೆಳಿಗ್ಗೆ ಪಾತ್ರೆ ತೊಳೆಯುವಾಗ ಅವರ ಕಣ್ಣೆದುರಿಗೆ ಇದ್ದದ್ದು ತವರುಮನೆಯ ಮೇಲೆ ನಿಂತ ನೀರು. ಆ ಬಗ್ಗೆ ಅವರು ಮಾತಾಡಿದ್ದು ಕಡಿಮೆ. 'ಹಾಳು ನೀರು' ಅನ್ನುತ್ತಿದ್ದರು, ಅಷ್ಟೇ.

2018ರಲ್ಲಿ ನಾವು ಎರಡು ಕೋಣೆ ತಯಾರು ಮಾಡಿ ಹೋಂಸ್ಟೇ ಶುರು ಮಾಡಿದೆವು. ಅಡಿಕೆಗೆ ಕೊಳೆರೋಗ ಬಂದ ವರ್ಷ ಕೈಯಲ್ಲಿ ಏನೂ ಉಳಿದಿರಲಿಲ್ಲ. ಸಿಗಂದೂರು ಚೌಡೇಶ್ವರಿ ಗುಡಿಗೆ ಬರುವ ಜನ ಮೊದಲಿನಿಂದಲೂ ಇದ್ದರು. ಅವರಿಗೆ ಬೇಕಾದದ್ದು ಒಂದು ಚಾಪೆ, ಬಿಸಿನೀರು, ಬೆಳಿಗ್ಗೆ ಕಡುಬು. ಆಮೇಲೆ ಬಂದವರು ಬೇರೆ ಜನ. ಫೋನಿನಲ್ಲಿ ಅವರ ಮೊದಲ ಪ್ರಶ್ನೆಯೇ 'ಕೋಣೆಯಿಂದ ಹಿನ್ನೀರು ಕಾಣುತ್ತಾ?' ಅಂತ. ನಮ್ಮ ಮನೆ ಕಟ್ಟಿದವರು ನೀರಿಗೆ ಬೆನ್ನು ಹಾಕಿ ಕಟ್ಟಿದ್ದಾರೆ. ಅವರು ಕಟ್ಟುವಾಗ ಅಲ್ಲಿ ನೀರೇ ಇರಲಿಲ್ಲ! ಇದ್ದಿದ್ದರಲ್ಲಿ ಚೆನ್ನಾಗಿ ನೀರು ಕಾಣುವ ಜಾಗ ಅಂದರೆ ನಮ್ಮ ಕೊಟ್ಟಿಗೆ. ಕೊನೆಗೆ ದನಗಳನ್ನು ಮನೆಯ ಇನ್ನೊಂದು ಬದಿಗೆ ಹಾಕಿ, ಕೊಟ್ಟಿಗೆಗೆ ಗಾರೆ ಹಾಕಿಸಿ, ಕಿಟಕಿ ಇಟ್ಟು, ಅದನ್ನೇ ದೊಡ್ಡ ಕೋಣೆ ಮಾಡಿದೆವು. ಜಾಸ್ತಿ ಬಾಡಿಗೆ ಬರುವುದು ಈಗಲೂ ಅದಕ್ಕೇ. ಯಾರಿಗೂ ಹೇಳುವುದಿಲ್ಲ ಬಿಡಿ.

ಲಾಕ್‌ಡೌನ್ ಮುಗಿದ ಮೇಲೆ ಜನ ಮುಗಿಬಿದ್ದರು. ಒಂದು ಶನಿವಾರ ಬೆಂಗಳೂರಿನ ಒಂದು ಕುಟುಂಬ ಬಂದಿತ್ತು. ಮಧ್ಯಾಹ್ನ ಊಟ ಆದ ಮೇಲೆ ನೀರಿನ ಹತ್ತಿರ ಹೋದರು. ಒಂಬತ್ತು ಹತ್ತು ವರ್ಷದ ಹುಡುಗ ಮೊಣಕಾಲುದ್ದದ ನೀರಿನಲ್ಲಿ ಕುಣಿಯುತ್ತಿದ್ದ. ಅಪ್ಪ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ನಾನು ಮೇಲೆ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದೆ. ನೋಡನೋಡುತ್ತಿದ್ದಂತೆ ಹುಡುಗ ಇಲ್ಲ. ಕೂಗಲಿಲ್ಲ, ಕೈ ಬೀಸಲಿಲ್ಲ. ತಲೆ ಒಮ್ಮೆ ಮೇಲೆ ಬಂತು, ಬಾಯಿ ತೆರೆದಿತ್ತು, ಮತ್ತೆ ಒಳಗೆ. ಅಪ್ಪನಿಗೆ ಈಜು ಬರುವುದಿಲ್ಲ. ನನಗೂ ಬರುವುದಿಲ್ಲ. ಮಾವಿನ ಮರಕ್ಕೆ ಒರಗಿಸಿಟ್ಟಿದ್ದ ದೋಟಿ ಕೈಗೆ ಸಿಕ್ಕಿತು. ಅದನ್ನು ಎಳೆದುಕೊಂಡು ಓಡಿದೆ. ಬಿದಿರಿನ ಉದ್ದದ ದೋಟಿ, ಮಾವಿನಕಾಯಿ ಕೊಯ್ಯುವುದು. ನೀರಿನ ಮೇಲೆ ಚಾಚಿದೆ. ಎರಡನೇ ಸಲಕ್ಕೆ ಹುಡುಗ ಹಿಡಿದುಕೊಂಡ.

ಅವನು ಎಳೆದು ಹಾಕಿದ ಮೀನಿನ ಹಾಗೆ ಕೆಮ್ಮಿ, ನೀರು ಕಾರಿ, ಸಂಜೆಗೆಲ್ಲ ಬಜ್ಜಿ ಕೇಳಿದ. ಮಕ್ಕಳು. ನನಗೆ ಮಾತ್ರ ವಾರಗಟ್ಟಲೆ ನಿದ್ದೆ ಇಲ್ಲ. ಆ ಜಾಗ ನನಗೆ ಗೊತ್ತಿರಬೇಕಿತ್ತು. ಅಲ್ಲಿ ಕೆಳಗಿರುವುದು ಹಳೆಯ ಗದ್ದೆಗಳು. ಮೆಟ್ಟಿಲು ಮೆಟ್ಟಿಲಾಗಿ ಇಳಿದಿವೆ. ಒಂದು ಗದ್ದೆಯಲ್ಲಿ ನೀರು ಮೊಣಕಾಲಿಗೆ, ಅಂಚಿನ ಧರೆ ಇಳಿದರೆ ಮುಂದಿನ ಗದ್ದೆಯಲ್ಲಿ ತಲೆಯ ಮೇಲೆ. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಹಾಳೆ.

'ಇನ್ನು ಹೋಂಸ್ಟೇ ಬೇಡ, ಮುಚ್ಚಿಬಿಡುವ' ಅಂದರು ನಮ್ಮನೆಯವರು. ನಾನು ಹೇಳಿದೆ, 'ನಾವು ಮುಚ್ಚಿದರೆ ಪಕ್ಕದವರು ತೆರೆಯುತ್ತಾರೆ. ಜನ ನೀರಿಗಿಳಿಯುವುದು ನಿಲ್ಲುವುದಿಲ್ಲ. ನಾನೇ ಕಲಿಯುತ್ತೇನೆ.' ಹೇಳುವಾಗ ಧೈರ್ಯ ಇತ್ತು. ಆಮೇಲೆ ಇರಲಿಲ್ಲ.

ನಮ್ಮ ಹಿನ್ನೀರಿನಲ್ಲಿ ಜಲಸಾಹಸ ಕಲಿಸುವುದು ಹೊಸತಲ್ಲ. ಹೊನ್ನೆಮರಡಿನಲ್ಲಿ ಎಷ್ಟೋ ವರ್ಷಗಳಿಂದ ಹುಡುಗರು ಬಂದು ಕಯಾಕ್ ಅನ್ನುವ ಸಪೂರ ದೋಣಿ, ತೆಪ್ಪ ಅಂತ ಕಲಿತು ಹೋಗಿದ್ದಾರೆ. ಅದೆಲ್ಲ ಪೇಟೆ ಮಕ್ಕಳಿಗೆ ಅಂದುಕೊಂಡಿದ್ದೆವು. ನಾನು ಸೇರಿದ್ದು ಬೇರೊಂದು ಕಡೆ ನಡೆದ ಹತ್ತು ದಿನದ ಶಿಬಿರಕ್ಕೆ. 2022ರ ಡಿಸೆಂಬರ್. ಇಪ್ಪತ್ತು ಜನರಲ್ಲಿ ಹೆಂಗಸರು ಮೂವರು, ನಲವತ್ತು ದಾಟಿದವಳು ನಾನೊಬ್ಬಳೇ. ಮಗನ ಟ್ರ್ಯಾಕ್ ಪ್ಯಾಂಟು, ನಮ್ಮನೆಯವರ ಹಳೇ ಟೀ ಶರ್ಟು. ಕಲಿಸುವ ಹುಡುಗಿಗೆ ನನ್ನ ಅರ್ಧ ವಯಸ್ಸು. ಮೊದಲ ದಿನ ನೀರಿನ ಹತ್ತಿರವೂ ಬಿಡಲಿಲ್ಲ. ದಂಡೆಯಲ್ಲೇ ಅರ್ಧ ದಿನ ಲೈಫ್ ಜಾಕೆಟ್ ಹಾಕುವುದು, ಬಿಚ್ಚುವುದು.

ಜಾಕೆಟ್ ಹಾಕುವುದರಲ್ಲಿ ಕಲಿಯಲಿಕ್ಕೆ ಏನಿದೆ ಅಂತ ನನಗೂ ಅನ್ನಿಸಿತ್ತು. ಇದೆ. ಎಲ್ಲ ಬಕಲ್ ಹಾಕಿ, ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರು ಹಿಂದೆ ನಿಂತು ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಬೇಕು. ಜಾಕೆಟ್ ಕಿವಿಯವರೆಗೆ ಬಂದರೆ ಅದು ನೀರಿನಲ್ಲಿಯೂ ಅಷ್ಟೇ ಮೇಲೆ ಬರುತ್ತದೆ, ಆಳು ಕೆಳಗೆ ಉಳಿಯುತ್ತಾನೆ. ಮಕ್ಕಳಿಗಾದರೆ ತೊಡೆಸಂದಿಯಿಂದ ಹಾಯಿಸುವ ಪಟ್ಟಿ ಬೇಕೇ ಬೇಕು. ಒಳಗಿನ ಫೋಮು ಹರಿದು ನೀರು ಕುಡಿದಿದ್ದರೆ ಅದು ಜಾಕೆಟ್ಟಲ್ಲ, ಒದ್ದೆ ಕಂಬಳಿ. ಎದೆಯ ಹತ್ತಿರ ಒಂದು ಸೀಟಿ. ಇದೆಲ್ಲ ಗೊತ್ತಾದ ಮೇಲೆ ನೆನಪಾಯಿತು, ಎಷ್ಟು ಪ್ರವಾಸಿ ಜಾಗಗಳಲ್ಲಿ ಬಕಲ್ ಮುರಿದ ಜಾಕೆಟ್ಟಿಗೆ ಹುರಿ ಕಟ್ಟಿ ಕೊಡುವುದನ್ನು ನೋಡಿದ್ದೇನೆ ಅಂತ. ಬಿಸಿಲಿಗೆ ಒಣಹಾಕಬಾರದು ಅಂತಲೂ ಹೇಳಿದರು. ನೆರಳಲ್ಲಿ, ಗಾಳಿಯಲ್ಲಿ, ಹಗ್ಗದ ಮೇಲೆ.

ಎರಡನೇ ದಿನ ನೀರು. ಜಾಕೆಟ್ ಹಾಕಿಕೊಂಡು ಎದೆಮಟ್ಟದ ನೀರಿನಲ್ಲಿ ಅಂಗಾತ ಮಲಗಬೇಕು, ಅಷ್ಟೇ. ಅಷ್ಟೇ! ಕಾಲು ನೆಲ ಬಿಡಲಿಲ್ಲ. ಹೆಬ್ಬೆರಳು ಕೆಸರು ಕಚ್ಚಿ ಹಿಡಿದಿತ್ತು. ಕಲಿಸುವ ಹುಡುಗಿ ನನ್ನ ತಲೆಯ ಕೆಳಗೆ ಅಂಗೈ ಇಟ್ಟಳು. 'ಅಕ್ಕಾ, ಕಿವಿ ಮುಳುಗಲಿ. ಕಿವಿ ಮುಳುಗಿದರೆ ಕಾಲು ತಾನೇ ಏಳುತ್ತದೆ' ಅಂದಳು. ಕಿವಿ ಮುಳುಗಿತು. ಹೊರಗಿನ ಗದ್ದಲ ನಿಂತು ನನ್ನ ಉಸಿರು ನನಗೇ ಕೇಳಿಸಿತು. ಕಾಲು ಎದ್ದಿತು. ಮೇಲೆ ಆಕಾಶ. ಎಷ್ಟು ಹೊತ್ತು ಹಾಗಿದ್ದೆನೋ, ಅವಳು ಯಾವಾಗಲೋ ಕೈ ತೆಗೆದಿದ್ದಳು.

ಈಜು ಬರುವಷ್ಟು ಬಂತು. ಇವತ್ತಿಗೂ ಚಂದದ ಈಜಲ್ಲ, ನಾಯಿ ಈಜು. ಆದರೆ ನೂರು ಮೀಟರ್ ಹೋಗಿ ಬರುತ್ತೇನೆ.

ಕಯಾಕ್ ಬಗ್ಗೆ ನಾನು ಅಂದುಕೊಂಡಿದ್ದೆಲ್ಲ ತಪ್ಪು. ತೋಳಿನ ಬಲದಿಂದ ಹುಟ್ಟು ಹಾಕುವುದು ಅಂದುಕೊಂಡಿದ್ದೆ. ಹಾಗೆ ಹಾಕಿದರೆ ಕಾಲು ಗಂಟೆಗೆ ತೋಳು ಬಿದ್ದುಹೋಗುತ್ತದೆ. ಸೊಂಟದಿಂದ ಮೇಲೆ ಇಡೀ ಮೈ ತಿರುಗಬೇಕು. ಒರಳಿನ ಮುಂದೆ ಕೂತು ರುಬ್ಬುಗುಂಡು ತಿರುಗಿಸುವವರನ್ನು ನೋಡಿ, ಬರೀ ಕೈಯಲ್ಲಿ ರುಬ್ಬುತ್ತಾರಾ? ಇಲ್ಲ. ಆ ಹೋಲಿಕೆ ಹೊಳೆದ ಮೇಲೆ ನನಗೆ ಸಲೀಸಾಯಿತು. ಕಾಲೇಜು ಹುಡುಗರಿಗಿಂತ ಮೊದಲು ನೇರ ಗೆರೆಯಲ್ಲಿ ಹೋಗಿದ್ದು ನಾನು. ಹುಟ್ಟನ್ನು ದೂರಕ್ಕೆ ಚಾಚಿ ಕಮಾನಿನ ಹಾಗೆ ಎಳೆದರೆ ದೋಣಿ ತಿರುಗುತ್ತದೆ. ವಾಲಿದ ಕಡೆಗೇ ಹುಟ್ಟಿನ ಚಪ್ಪಟೆ ಬದಿ ನೀರಿಗೆ ಬಡಿದರೆ ಮಗುಚುವುದು ತಪ್ಪುತ್ತದೆ. ಇವು ದಿನಾ ನೂರು ಸಲ.

ಐದನೇ ದಿನ ಬೇಕಂತಲೇ ಮಗುಚಿಸಿದರು. ಸೊಂಟದವರೆಗೆ ಮುಚ್ಚಿದ ಕಯಾಕ್, ಸುತ್ತ ಬಿಗಿದ ಪಾವಡೆಯಂಥ ಬಟ್ಟೆ. ತಲೆಕೆಳಗಾದ ಮೇಲೆ ಗಾಬರಿ ಬೀಳದೆ ಮುಂದಕ್ಕೆ ಬಗ್ಗಬೇಕು. ದೋಣಿಯ ತಳಕ್ಕೆ ಮೂರು ಸಲ ಬಡಿಯಬೇಕು. ಆಮೇಲೆ ಬಟ್ಟೆಯ ಮುಂದಿನ ಕುಣಿಕೆ ಎಳೆದು ಹೊರಗೆ ಜಾರಬೇಕು. ಆ ಮೂರು ಬಡಿತ ಯಾಕೆ ಅಂತ ಕೇಳಿದೆ. ಹೊರಗಿನವರಿಗೆ ಸದ್ದು ಕೇಳಲಿ ಅಂತ ಒಂದು. ಬಡಿಯುವಷ್ಟು ಹೊತ್ತಿಗೆ ತಲೆ ತಣ್ಣಗಾಗಲಿ ಅಂತ ಇನ್ನೊಂದು. ಮೊದಲ ಸಲ ನಾನು ಬಡಿಯಲೂ ಇಲ್ಲ, ಕುಣಿಕೆ ಎಳೆಯಲೂ ಇಲ್ಲ. ಹೇಗೆ ಹೊರಗೆ ಬಂದೆನೋ ದೇವರಿಗೇ ಗೊತ್ತು. ಮೂಗಿಗೆ ನೀರು ಹೋಗಿ ತಲೆ ಸಿಡಿಯಿತು. ಮೂರನೇ ಸಲ ಬಡಿದೆ. ಎಣಿಸಿಕೊಂಡು ಬಡಿದೆ.

ಕೊನೆಯ ಮೂರು ದಿನ ಜೀವ ಉಳಿಸುವ ಪಾಠ. ಬೊಂಬೆಯ ಎದೆ ಒತ್ತುವುದು. ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 30 ಸಲ ಒತ್ತಿ 2 ಸಲ ಉಸಿರು. ನೀರಿನಲ್ಲಿ ಮುಳುಗಿದವರಿಗೆ ಉಸಿರು ಕೊಡುವುದನ್ನು ಬಿಡಲೇಬಾರದು. ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಿರುಗಿಸುವುದು ಎಲ್ಲ ಬೇಡವೇ ಬೇಡ. ಆಮೇಲೆ ಹಲಗೆಯ ಮೇಲೆ ನಾಲ್ಕು ಮಾತು ಬರೆದರು: ಚಾಚು, ಎಸೆ, ದೋಣಿಯಲ್ಲಿ ಹೋಗು, ಇಳಿ. ಮುಳುಗುವವರನ್ನು ಕಂಡರೆ ಮೊದಲು ಏನಾದರೂ ಚಾಚಬೇಕು. ಆಗದಿದ್ದರೆ ಹಗ್ಗವೋ ಟ್ಯೂಬೋ ಎಸೆಯಬೇಕು. ಆಗದಿದ್ದರೆ ದೋಣಿ. ನಾವೇ ನೀರಿಗೆ ಇಳಿಯುವುದು ಕೊನೆಗೆ, ಅದೂ ಕಲಿತವರು ಮಾತ್ರ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಮುಳುಗುವುದು ಇದನ್ನು ತಿಳಿಯದೇ ಅಂದರು. ಮುಳುಗುವವರು ಕೂಗುವುದೂ ಇಲ್ಲವಂತೆ. ಬಾಯಿ ನೀರಿನಿಂದ ಮೇಲೆ ಬಂದ ಅರೆಗಳಿಗೆಯಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಕೂಗುತ್ತಾರೋ? ನಾನು ಪೆನ್ನು ಕೆಳಗಿಟ್ಟೆ. ನಮ್ಮ ಅಂಗಳದ ಕೆಳಗೆ ನಡೆದದ್ದು ಅದೇ. ಅವತ್ತು ನಾನು ತಿಳಿಯದೆಯೇ ಮಾಡಿದ್ದು ಹಲಗೆಯ ಮೊದಲ ಮಾತು.

ವಾಪಸು ಬಂದ ಮೇಲೆ ಅನುಮತಿಯ ಅಲೆದಾಟ. ಅದನ್ನು ಉದ್ದ ಹೇಳುವುದಿಲ್ಲ. ನೀರು ವಿದ್ಯುತ್ತಿಗೆ ಕೂಡಿಟ್ಟದ್ದು. ದಂಡೆಯ ಬಹಳಷ್ಟು ಕಾಡು, ಅದೂ ಅಭಯಾರಣ್ಯ ಹತ್ತಿರವಿರುವ ಕಾಡು. ಹಾಗಾಗಿ ಒಂದು ಕಚೇರಿಯವರು ಇನ್ನೊಂದು ಕಚೇರಿಯನ್ನು ತೋರಿಸುತ್ತಾರೆ. ಒಬ್ಬ ಸಾಹೇಬರು ನನ್ನ ಸರ್ಟಿಫಿಕೇಟನ್ನು ತಿರುಗಿಸಿ ನೋಡಿ, 'ಇದು ನಿಮ್ಮದೇನಾ ಅಮ್ಮಾ, ಮಗನದ್ದಾ?' ಅಂತ ಕೇಳಿದರು. ಒಂದೂವರೆ ವರ್ಷ ಹೋಯಿತು. ಅಷ್ಟರಲ್ಲಿ ನಮ್ಮ ಸ್ವಸಹಾಯ ಸಂಘದ ಸಾಲದಲ್ಲಿ ಹಳೇ ಕಯಾಕ್ ಕೊಂಡೆವು. ಇಬ್ಬಿಬ್ಬರು ಕೂರುವುದು ಮೂರು, ಒಬ್ಬರದ್ದು ಎರಡು. ಆರು ಜನ ಅತಿಥಿಗಳು, ನಾನು, ಜೊತೆಗೆ ಊರಿನ ಒಬ್ಬ ಹುಡುಗ. ಒಟ್ಟು ಎಂಟು ಜಾಕೆಟ್. ಜಾಕೆಟ್ ಮಾತ್ರ ಹೊಸತು. ಅದರಲ್ಲಿ ಚೌಕಾಸಿ ಮಾಡಲಿಲ್ಲ.

ಅನುಮತಿ ಬರುವ ಮೊದಲೇ ಒಂದು ದೊಡ್ಡ ಕೆಲಸ ಆಯಿತು. ಅದಕ್ಕೆ ಮುಂಚೆ ನನ್ನ ಒಂದು ತಪ್ಪು ಹೇಳಬೇಕು.

ಊಟದ ಹೊತ್ತಿಗೆ ಅತಿಥಿಗಳಿಗೆ ಕಥೆ ಬೇಕು. 'ಇಲ್ಲಿ ಕೆಳಗೆ ಊರಿತ್ತಂತೆ ಹೌದಾ?' ಅಂತ ಕೇಳುತ್ತಾರೆ. ಮೊದಮೊದಲು ಹೌದು ಅನ್ನುತ್ತಿದ್ದೆ, ಅಷ್ಟೇ. ಆಮೇಲೆ ನೋಡಿದೆ, ಹೇಳಿದಷ್ಟೂ ಅವರಿಗೆ ಖುಷಿ. ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ ಅದೂ ಒಂದು ವ್ಯಂಜನ ಆಯಿತು. ನಾನು ಬೆಳೆಸುತ್ತಾ ಹೋದೆ. ತುಳಸಿಕಟ್ಟೆಗೆ ಕೊನೆಯ ದೀಪ ಹಚ್ಚಿದ್ದು, ದನ ಹಿಂತಿರುಗಿ ನೋಡಿದ್ದು, ಇತ್ಯಾದಿ. ಕೆಲವು ಅತ್ತೆಯ ಬಾಯಿಂದ ಯಾವಾಗಲೋ ಜಾರಿದ ಮಾತು. ಕೆಲವು ನಾನೇ ಸೇರಿಸಿದ್ದು. ಒಬ್ಬ ಹುಡುಗಿ ಕಣ್ಣೀರು ಹಾಕಿದಳು. ಹೋಗಿ ಫೋಟೋ ಸಮೇತ ಇಂಟರ್ನೆಟ್ಟಿಗೆ ಬರೆದಳು. ಆ ತಿಂಗಳು ಫೋನು ಜಾಸ್ತಿ ಬಂತು.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅತ್ತೆ ಅಡುಗೆಮನೆಗೆ ಬಂದರು. ನಾನು ಒಲೆ ಸಾರಿಸುತ್ತಿದ್ದೆ.

'ನನ್ನ ತವರುಮನೆ ಎಷ್ಟಕ್ಕೆ ಹೋಯ್ತೇ?' ಅಂದರು.

ನನಗೆ ಅರ್ಥವಾಗಲಿಲ್ಲ.

'ಅವತ್ತು ಸರ್ಕಾರದವರು ಎಕರೆಗೆ ಇಷ್ಟು ಅಂತ ಕೊಟ್ಟರು. ನೀನು ತಲೆಗೆ ಎಷ್ಟು ಅಂತ ತಗೊಳ್ತೆ?'

ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ಹೇಳಿ ಒಂದು ಲೋಟ ನೀರು ಕುಡಿದು ಹೋಗಿ ಮಲಗಿದರು. ಅವತ್ತಿನಿಂದ ನಾನು ಆ ಕಥೆ ಹೇಳುವುದು ಬಿಟ್ಟೆ. ಅತಿಥಿಗಳು ಕೇಳಿದರೆ, 'ಹೌದು, ಊರಿತ್ತು, ರೊಟ್ಟಿ ಹಾಕಲಾ?' ಅನ್ನುತ್ತೇನೆ.

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಗೆ ಹಿನ್ನೀರು ಬಹಳ ಇಳಿಯಿತು. ತುಂಬಿದಾಗ 1,819 ಅಡಿಯ ಮಟ್ಟಕ್ಕೆ ನಿಲ್ಲುವ ನೀರು ಅದು. ಇಳಿದಾಗ ದಂಡೆಯೇ ಎಷ್ಟೋ ದೂರ ಸರಿದುಹೋಗುತ್ತದೆ. ಮಡೆನೂರಿನ ಹಳೇ ಅಣೆಕಟ್ಟಿನಲ್ಲಿ ಹೆಚ್ಚಾದ ನೀರು ಹೊರಹೋಗಲು ಕಟ್ಟಿದ್ದ ಸೈಫನ್‌ಗಳು ಎದ್ದು ಕಾಣುತ್ತವೆ. ಜನ ಅದನ್ನು ನೋಡಲು ಬರುತ್ತಾರೆ. ನಮ್ಮ ಮನೆಯ ಕೆಳಗೂ ಗದ್ದೆಗಳ ಧರೆ, ಮರದ ಬೊಡ್ಡೆಗಳು ಹೊರಗೆ ಬಂದವು. ಆ ಕಾಲದಲ್ಲಿ ಕಡಿಯದೆ ಬಿಟ್ಟ ಮರಗಳು. ಅರವತ್ತು ವರ್ಷ ನೀರಿನಲ್ಲಿದ್ದರೂ ಕಬ್ಬಿಣದ ಹಾಗೆ ನಿಂತಿವೆ. ನೀರು ಒಂದು ಅಡಿ ಮೇಲಿದ್ದರೆ ಕಾಣುವುದೇ ಇಲ್ಲ, ಕಯಾಕಿನ ತಳಕ್ಕೆ ತಾಗಿದರೆ ಮಗುಚಿತೆಂದೇ ಲೆಕ್ಕ. ಎಲ್ಲಿ ಏನಿದೆ ಅಂತ ಗುರುತು ಹಾಕಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ನಾನು ಮತ್ತು ಆ ಹುಡುಗ ದೋಟಿ ಹಿಡಿದು, ನೋಟ್‌ಬುಕ್ ಹಿಡಿದು ಇಳಿದೆವು.

ಮೂರನೇ ದಿನ ಹಿಂದೆ ಯಾರೋ ಬರುವ ಸದ್ದು. ಅತ್ತೆ. ಸೀರೆ ಎತ್ತಿ ಕಟ್ಟಿದ್ದಾರೆ, ಕೈಯಲ್ಲಿ ಊರುಗೋಲು.

'ಎಂತ ಅಳೀತೀರಿ ಅಷ್ಟೊತ್ತಿಂದ?'

ಹೇಳಿದೆ. ಎಲ್ಲಿ ತಕ್ಷಣ ಆಳವಿದೆ, ಎಲ್ಲಿ ಜನರನ್ನು ಇಳಿಸಬಾರದು ಅಂತ ಗುರುತು ಮಾಡುತ್ತಿದ್ದೇವೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಊರುಗೋಲು ಚಾಚಿದರು.

'ಅಲ್ಲಿ ಬೇಡ. ಅಲ್ಲಿ ದೊಡ್ಡಮನೆಯವರ ಬಾವಿ.'

ನಾವು ಹೋಗಿ ನೋಡಿದರೆ ಬರೀ ಕೆಸರು. ಒಣಗಿ ಬಿರುಕು ಬಿಟ್ಟ ಕೆಸರು, ಸುತ್ತಲಿನ ಹಾಗೆಯೇ. ದೋಟಿ ಊರಿದೆ. ಮೇಲಿನ ಪದರ ಒಡೆದು ದೋಟಿ ಸರ್ರನೆ ಇಳಿಯಿತು. ನನ್ನ ಎತ್ತರಕ್ಕಿಂತ ಜಾಸ್ತಿ ಇಳಿಯಿತು. ನಾನು ಎರಡು ಹೆಜ್ಜೆ ಹಿಂದೆ ಬಂದೆ. ಕೆದಕಿದರೆ ಸುತ್ತ ಚಿರೆಕಲ್ಲಿನ ಕಟ್ಟೆ ಸಿಕ್ಕಿತು.

ಆಮೇಲೆ ಅವರು ತಡೆಯಲಿಲ್ಲ. ಇದು ಕೊಟ್ಟಿಗೆ. ಇಲ್ಲಿ ಗೊಬ್ಬರದ ಗುಂಡಿ, ಆಳ. ಇಲ್ಲಿ ಚಿರೆಕಲ್ಲು ಕಡಿದ ಹೊಂಡ, ನಮ್ಮ ಎಮ್ಮೆ ಒಂದು ಬಿದ್ದು ಸತ್ತಿತ್ತು. ಇದು ಗಾಡಿ ದಾರಿ, ನೆಲ ಗಟ್ಟಿ, ಇಲ್ಲಿ ಇಳಿಸು ಬೇಕಾದರೆ. ಇದು ಸಪಾಟು, ಅಡಿಕೆ ಒಣಗಿಸುವ ಅಂಗಳ. ಒಂದು ಗಂಟೆ. ಅಷ್ಟು ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಎಲ್ಲಿಯೂ ಗಂಟಲು ಕಟ್ಟಲಿಲ್ಲ. ಯಾರ ಮನೆ ಎಷ್ಟು ಚಂದ ಇತ್ತು ಅಂತ ಹೇಳಲಿಲ್ಲ. ಆಳ ಎಷ್ಟು, ನೆಲ ಗಟ್ಟಿಯೋ ಮೆತ್ತಗೋ, ಅಷ್ಟೇ. ಅವರ ಮನೆ ಯಾವುದು ಅಂತ ನಾನು ಕೇಳಲಿಲ್ಲ. ಅವರೂ ತೋರಿಸಲಿಲ್ಲ.

ನಾವು ಈಗ ಜನರನ್ನು ನೀರಿಗೆ ಇಳಿಸುವುದು ಆ ಗಾಡಿ ದಾರಿಯಲ್ಲಿ. ಬಾವಿ, ಹೊಂಡ, ಬೊಡ್ಡೆ ಇರುವಲ್ಲೆಲ್ಲ ಕಲ್ಲು ಕಟ್ಟಿದ ಹಗ್ಗಕ್ಕೆ ಖಾಲಿ ಕ್ಯಾನು ತೇಲಿಬಿಟ್ಟಿದ್ದೇವೆ. ಕೆಂಪು ಬಣ್ಣ ಬಳಿದ ಎಣ್ಣೆ ಕ್ಯಾನು. ನೋಡಲಿಕ್ಕೆ ಚಂದ ಇಲ್ಲ. ಫೋಟೋಕ್ಕೆ ಅಡ್ಡ ಬರುತ್ತದೆ, ತೆಗೆಯಿರಿ ಅಂದವರಿದ್ದಾರೆ.

ಆ ವರ್ಷದ ಮಳೆಗಾಲ ಕಳೆದು ನಮ್ಮ ಕಯಾಕಿಂಗ್ ಶುರುವಾಯಿತು. ಬೆಳಿಗ್ಗೆ ಆರೂವರೆಗೆ ಇಳಿದು ಒಂಬತ್ತಕ್ಕೆ ಮುಗಿಸುತ್ತೇವೆ. ಬಿಸಿಲೇರಿದ ಮೇಲೆ ಗಾಳಿ ಎದ್ದು ಅಲೆ ಬರುತ್ತದೆ. ಕುಡಿದವರಿಗೆ ಇಲ್ಲ, ಹಿಂದಿನ ರಾತ್ರಿ ಜಾಸ್ತಿ ಕುಡಿದವರಿಗೂ ಇಲ್ಲ. ಇದಕ್ಕೆ ಜಗಳ ಆಗಿದೆ. ಹಣ ಕೊಟ್ಟಿದ್ದೇವೆ ಅನ್ನುತ್ತಾರೆ, ನಾನು ಹಣ ವಾಪಸು ಕೊಡುತ್ತೇನೆ. ಹೆಂಗಸರು ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಕಯಾಕ್ ತಿರುಗಿಸುವಂತಿಲ್ಲ. ಇದು ನಮ್ಮ ಸಂಘದಲ್ಲೇ ಮಾಡಿಕೊಂಡ ನಿಯಮ. ಒಂದು ಕಾಲದಲ್ಲಿ ಆ ಕಲ್ಲಿನ ಹತ್ತಿರ ದಿನಾ ಏಳೆಂಟು ಹೆಂಗಸರ ಮಾತುಕತೆ ಇರುತ್ತಿತ್ತು. ಟೆಂಟ್ ಹಾಕುವವರು ಬಂದ ಮೇಲೆ, ಕೈಯಲ್ಲಿ ಮೊಬೈಲು ಹಿಡಿದ ಗಂಡಸರು ಬಂದ ಮೇಲೆ, ಒಬ್ಬೊಬ್ಬರೇ ಬಿಟ್ಟರು. ಮನೆಯಲ್ಲೇ ಕೊಳವೆಬಾವಿ ನೀರಿನಲ್ಲಿ ಒಗೆಯುತ್ತಾರೆ. ನಿಯಮ ಮಾಡಿದ ಮೇಲೆ ಇಬ್ಬರು ವಾಪಸು ಬಂದಿದ್ದಾರೆ. ದನ ನೀರು ಕುಡಿಯುವ ಕೆಸರಿನಲ್ಲಿ ಒಡೆದ ಬಾಟಲಿ ಮಾತ್ರ ಈಗಲೂ ಸಿಗುತ್ತದೆ. ಸೋಮವಾರ ಬೆಳಿಗ್ಗೆ ಚೀಲ ಹಿಡಿದು ಆರಿಸುವುದು ನಮ್ಮ ವಾರದ ಕೆಲಸಗಳಲ್ಲಿ ಒಂದು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. 2.44 ಕಿಲೋಮೀಟರ್ ಉದ್ದ. ತಲೆಮಾರುಗಟ್ಟಲೆ ಕೇಳಿಕೊಂಡ ಸೇತುವೆ. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ಹಾವು ಕಡಿದರೆ, ಲಾಂಚಿಲ್ಲದೆ ಸುತ್ತುಬಳಸಿ ಹೋಗುವಾಗ ಏನೇನಾಗುತ್ತಿತ್ತು ಅಂತ ನಮಗೆ ಗೊತ್ತು. ಈ ಸೇತುವೆಯ ಬಗ್ಗೆ ಒಂದು ಕೆಟ್ಟ ಮಾತು ಆಡಲು ನನಗೆ ಬಾಯಿ ಬರುವುದಿಲ್ಲ.

ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ವಾ? ಹೊಳೆಬಾಗಿಲಿನಲ್ಲಿ ಲಾಂಚು ಕಾಯುವ ಜನಕ್ಕೆ ಚಾ, ಚುರುಮುರಿ, ಉಪ್ಪು ಖಾರ ಹಚ್ಚಿದ ಅನಾನಸ್ ಮಾರುತ್ತಿದ್ದವರ ವ್ಯಾಪಾರ ಬಿದ್ದುಹೋಯಿತು. ಕಾಯುವವರೇ ಇಲ್ಲದ ಮೇಲೆ ಕೊಳ್ಳುವವರು ಎಲ್ಲಿ? ನನ್ನ ಲೆಕ್ಕವೂ ತಪ್ಪಿತು. ಜನ ಹತ್ತು ಪಟ್ಟು ಬಂದರೂ ಕೋಣೆ ಖಾಲಿ. ಯೋಚನೆ ಮಾಡಿದಾಗ ಹೊಳೆಯಿತು, ನಮ್ಮಲ್ಲಿ ಉಳಿಯುತ್ತಿದ್ದವರಲ್ಲಿ ಸುಮಾರು ಜನ ಸಂಜೆಯ ಕೊನೆಯ ಲಾಂಚು ತಪ್ಪಿಸಿಕೊಂಡವರು! ಬೇರೆ ದಾರಿಯಿಲ್ಲದೆ ಬಂದು, ಬೆಳಿಗ್ಗೆ ಖುಷಿಯಾಗಿ ಹೋದವರು. ಈಗ ಯಾರಿಗೂ ಏನೂ ತಪ್ಪುವುದಿಲ್ಲ. ಬರುತ್ತಾರೆ, ಸೇತುವೆಯ ಮೇಲೆ ಫೋಟೋ ತೆಗೆಯುತ್ತಾರೆ, ದೇವಿಗೆ ಕೈ ಮುಗಿಯುತ್ತಾರೆ, ರಾತ್ರಿ ಊಟಕ್ಕೆ ಸಾಗರದಲ್ಲಿರುತ್ತಾರೆ. ಅಲ್ಲೂ ಹೋಗದೆ ಇಲ್ಲೂ ಉಳಿಯದೆ ದಂಡೆಯಲ್ಲಿ ಕಾರು ನಿಲ್ಲಿಸಿ ರಾತ್ರಿ ಎರಡರವರೆಗೆ ಹಾಡು ಹಾಕುವವರು ಹೊಸ ಜಾತಿ. ಮೊದಲು ಅವರನ್ನು ಲಾಂಚು ತಡೆಯುತ್ತಿತ್ತು.

ನೀರಿಗೆ ಹತ್ತಿರದ ಜಾಗ ಕೇಳಿಕೊಂಡು ಹೊರಗಿನವರು ವಾರಕ್ಕೊಬ್ಬರಾದರೂ ಬರುತ್ತಾರೆ. ಒಬ್ಬರು ನಮ್ಮ ಅಂಗಳದಲ್ಲೇ ನಿಂತು ಎಕರೆಗೆ ಎಷ್ಟು ಅಂತ ಕೇಳಿದರು. ನಮ್ಮನೆಯವರು ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಡಿಕೆ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. 'ಚಾ ಕುಡಿದು ಹೋಗಿ' ಅಂದರು.

ಕಯಾಕಿಂಗ್ ಸಾಲ ಇನ್ನೂ ತೀರಿಲ್ಲ. ಆದರೆ ಅದಕ್ಕಾಗಿಯೇ ಬಂದು ಎರಡು ದಿನ ಉಳಿಯುವವರು ಈಗ ಕೆಲವರಿದ್ದಾರೆ. ಮೊನ್ನೆ ಒಂದು ತಂಡದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು ಕಾಲು ನೆಲ ಬಿಡದೆ ನಿಂತಿದ್ದರು. ತಲೆಯ ಕೆಳಗೆ ಕೈ ಇಟ್ಟು, 'ಕಿವಿ ಮುಳುಗಲಿ' ಅಂದೆ.

ಅತ್ತೆ ಇಷ್ಟಾದರೂ ಕಯಾಕ್ ಹತ್ತಿಲ್ಲ. ಒಮ್ಮೆ ಕರೆದೆ. 'ನನಗೆಂತಕ್ಕೆ? ನಡೆದುಕೊಂಡೇ ಓಡಾಡಿದ್ದೇನೆ ಅಲ್ಲೆಲ್ಲ' ಅಂದರು. ಮತ್ತೆ ಕರೆಯಲಿಲ್ಲ. ಜಾಕೆಟ್ ಒಣಹಾಕುವ ಹಗ್ಗ ಅವರ ಕೋಣೆಯ ಕಿಟಕಿಗೆ ಎದುರು. ಗಾಳಿಗೆ ಅಡ್ಡ, ಕೆಸರು ವಾಸನೆ ಅಂತ ಮೊದಲು ಗೊಣಗುತ್ತಿದ್ದರು. ಈಗ ಗೊಣಗುವುದಿಲ್ಲ. ನಾವು ನೀರಿನಿಂದ ಬಂದು ಜಾಕೆಟ್ ತೊಳೆದು ಹರವಿದ ಮೇಲೆ ಅವರು ಕಿಟಕಿಯ ಹತ್ತಿರ ಬಂದು ನಿಲ್ಲುತ್ತಾರೆ. ತುಟಿ ಅಲ್ಲಾಡುತ್ತದೆ. ಜಪ ಮಾಡುತ್ತಾರೇನೋ ಅಂದುಕೊಂಡಿದ್ದೆ.

ಹೋದ ಭಾನುವಾರ ಅತಿಥಿಗಳಿಗೆ ದೋಸೆ ಹಾಕುವ ಗಡಿಬಿಡಿ. ಒಳಗಿನಿಂದ ಕೂಗು ಬಂತು.

'ಏಯ್, ಏಳೇ ಇದೆಯಲ್ಲೇ! ಇನ್ನೊಂದು ಎಲ್ಲಿ? ಯಾರು ಬರಲಿಲ್ಲ?'

ಸೌಟು ಹಿಡಿದುಕೊಂಡೇ ಓಡಿದೆ. ಅತ್ತೆ ಕಿಟಕಿಯ ಸರಳು ಹಿಡಿದು ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಂಟನೆಯದು ನನ್ನ ಮೈಮೇಲೇ ಇತ್ತು. ಬಿಚ್ಚುವುದು ಮರೆತಿದ್ದೆ.

'ಅದನ್ನು ಹಾಕಿಕೊಂಡು ದೋಸೆ ಹುಯ್ಯುತ್ತಾರಾ ಯಾರಾದರೂ?' ಅಂದರು. 'ಬಿಚ್ಚಿ ಹಾಕು ಹೋಗು.'